ಟಗರು ಬಿಟ್ಟರೂ ಗಬ್ಬ ನಿಲ್ಲದ ಕುರಿಗಳು: ಖನಿಜ ಮಿಶ್ರಣ ಹೆಚ್ಚಿಸುವ ಮೊದಲು ಕೊಡಗಿನವರು ನೋಡಬೇಕಾದ್ದೇನು?

ಶನಿವಾರಸಂತೆಯ ಸಾಕಣೆದಾರ (ಮೇ, ಎರಡನೇ ವಾರ)

ಎಲ್ಲರಿಗೂ ನಮಸ್ಕಾರ. ಐದು ವರ್ಷಗಳಿಂದ ಕುರಿ ಸಾಕುತ್ತಿದ್ದೇನೆ. ಹಟ್ಟಿಯಲ್ಲಿ ಈಗ 42 ಹೆಣ್ಣು ಕುರಿಗಳೂ ಎರಡು ಟಗರುಗಳೂ ಇವೆ. ಹೆಚ್ಚಿನವು ಹಾಸನ ಕಡೆಯ ತಳಿಯವು, ಹತ್ತು ಹನ್ನೆರಡು ಬನ್ನೂರು ಬೆರಕೆಯವು. ಕಳೆದ ವರ್ಷ 42ರಲ್ಲಿ ಈದದ್ದು 27 ಮಾತ್ರ. ಹುಟ್ಟಿದ ಮರಿಗಳಲ್ಲಿ ನಾಲ್ಕು ಎದ್ದು ನಿಲ್ಲಲಾರದೆ, ಮೊಲೆ ಹಿಡಿಯದೆ, ಮೊದಲ ದಿನವೇ ಸತ್ತವು. ಕುರಿಗಳೇನೂ ಬಡಕಲಾಗಿಲ್ಲ, ಬೆನ್ನುಮೂಳೆಯ ಮೇಲೆ ಕೈಯಾಡಿಸಿದರೆ ಮಾಂಸ ಸಿಗುತ್ತದೆ. ಟಗರುಗಳು ಹತ್ತುವುದನ್ನೂ ಕಣ್ಣಾರೆ ಕಂಡಿದ್ದೇನೆ.

ಸುಗ್ಗಿ ಮುಗಿದ ಮೇಲೆ ಗದ್ದೆಯಲ್ಲಿ, ಮಳೆಗಾಲದಲ್ಲಿ ಬಾಣೆಯಲ್ಲಿ (ಗದ್ದೆಗೆ ಸೇರಿದ ಎತ್ತರದ ಹುಲ್ಲು, ಮರಗಳ ನೆಲ) ಮತ್ತು ಪಕ್ಕದವರ ಕಾಫಿ ತೋಟದ ಅಂಚಿನಲ್ಲಿ ಮೇಯಿಸುತ್ತೇನೆ. ಹಸುಗಳಿಗೆಂದು ತಂದ ಖನಿಜ ಮಿಶ್ರಣವನ್ನೇ ತೌಡಿನಲ್ಲಿ ಕಲಸಿ, ಕುರಿಗೆ ದಿನಕ್ಕೆ ಸುಮಾರು 15 ಗ್ರಾಂ ಸಿಗುವಂತೆ ಹಾಕುತ್ತಿದ್ದೇನೆ. ಮಿಶ್ರಣ ಮಾರುವವರು, ಗಬ್ಬ ನಿಲ್ಲದಿದ್ದರೆ ಅಳತೆಯನ್ನು ಎರಡು ಪಟ್ಟು ಮಾಡಿ ಎಂದು ಹೇಳಿದರು. ಜೂನ್ ಮಧ್ಯದಲ್ಲಿ ಟಗರು ಬಿಡಬೇಕೆಂದಿದ್ದೇನೆ. ಎರಡು ಪಟ್ಟು ಮಾಡಬಹುದೇ? ಅಥವಾ ಸೆಲೆನಿಯಂ, ಸತು ಮುಂತಾದವುಗಳನ್ನು ಪ್ರತ್ಯೇಕವಾಗಿ ಕೊಡಬೇಕೇ? ಅನುಭವವಿರುವವರು ದಯವಿಟ್ಟು ತಿಳಿಸಿ.

ನಿವೃತ್ತ ಪಶುವೈದ್ಯ, ಸೋಮವಾರಪೇಟೆ

ಎರಡು ಪಟ್ಟು ಮಾಡಬೇಡಿ. ಈಗ ಕೊಡುತ್ತಿರುವುದನ್ನೂ ಇವತ್ತಿನಿಂದಲೇ ನಿಲ್ಲಿಸಿ. ಕಾರಣ ಲೆಕ್ಕದಲ್ಲಿದೆ, ಸ್ವಲ್ಪ ತಾಳ್ಮೆಯಿಂದ ಓದಿ.

ನಿಮ್ಮ ಚೀಲದ ಮೇಲಿನ ಚೀಟಿಯಲ್ಲಿ ತಾಮ್ರ ಎಷ್ಟೆಂದು ಮೊದಲು ನೋಡಿ. ಹಸುಗಳ ಮಿಶ್ರಣಗಳಲ್ಲಿ ಸಾಮಾನ್ಯವಾಗಿ ಕಾಣುವಂತೆ ಶೇ. 0.1 ಎಂದಿದ್ದರೆ, 15 ಗ್ರಾಂ ಮಿಶ್ರಣದಲ್ಲಿ 15 ಮಿಲಿಗ್ರಾಂ ತಾಮ್ರ ಇರುತ್ತದೆ. ಮೂವತ್ತೈದು ಕಿಲೋ ತೂಗುವ ಕುರಿ ದಿನಕ್ಕೆ ತಿನ್ನುವ ಒಣ ಅಂಶ ಹೆಚ್ಚುಕಡಿಮೆ ಒಂದು ಕಿಲೋ. ಹುಲ್ಲಿನಿಂದಲೇ ಏಳೆಂಟು ಮಿಲಿಗ್ರಾಂ ಬರುತ್ತದೆಂದು ಹಿಡಿದರೂ ಒಟ್ಟು 22 ಅಥವಾ 23 ಆಯಿತು. ಕುರಿಗೆ ಬೇಕಾಗಿರುವುದು ಕಿಲೋ ಒಣ ಮೇವಿಗೆ 5ರಿಂದ 10 ಮಿಲಿಗ್ರಾಂ, ತಡೆದುಕೊಳ್ಳುವ ಮಿತಿ ಸುಮಾರು 15. ತಾಮ್ರವನ್ನು ತಡೆಯುವ ಮಾಲಿಬ್ಡಿನಂ ಎಂಬ ಖನಿಜ ಮೇವಿನಲ್ಲಿ ಕಡಿಮೆಯಿದ್ದರೆ ಇಷ್ಟೇ ತಾಮ್ರ ತಿಂಗಳುಗಟ್ಟಲೆ ಯಕೃತ್ತಿನಲ್ಲಿ ಶೇಖರವಾಗುತ್ತ ಹೋಗುತ್ತದೆ. ಹಸು 40 ಮಿಲಿಗ್ರಾಂವರೆಗೆ ತಾಳಿಕೊಳ್ಳುತ್ತದೆ. ಹಸುವಿಗೆ ಹೇಳಿ ಮಾಡಿಸಿದ ಮಿಶ್ರಣ ಕುರಿಗೆ ನಿಧಾನವಿಷವಾಗುವುದು ಹೀಗೆ.

ಇನ್ನು ನಿಮ್ಮ ಮೂಲ ಪ್ರಶ್ನೆ. ಗಬ್ಬ ನಿಲ್ಲಲಿಲ್ಲ ಎಂಬ ಒಂದೇ ಮಾತಿನೊಳಗೆ ಮೂರು ಬೇರೆ ಬೇರೆ ಸಂಗತಿಗಳು ಅಡಗಿವೆ. ಕುರಿ ಬೆದೆಗೇ ಬರದಿರಬಹುದು. ಬೆದೆಗೆ ಬಂದು, ಟಗರು ಹತ್ತಿದರೂ ಕಟ್ಟದಿರಬಹುದು. ಕಟ್ಟಿದ ಮೇಲೆ ಭ್ರೂಣ ಮೂರ್ನಾಲ್ಕು ವಾರದೊಳಗೆ ಸತ್ತು, ಹೊರಗೆ ಯಾವ ಕುರುಹೂ ಕಾಣದಂತೆ ಕರಗಿಹೋಗಿರಬಹುದು. ಈ ಮೂರಕ್ಕೂ ಕಾರಣಗಳು ಬೇರೆ. ಯಾವುದೆಂದು ತಿಳಿಯದೆ ಖನಿಜ ಕೊಡುವುದು ಕತ್ತಲಲ್ಲಿ ಕಲ್ಲೆಸೆದಂತೆ.

ತಿಳಿಯುವ ದಾರಿ ಸುಲಭವಾಗಿದೆ, ಖರ್ಚೂ ಇಲ್ಲ. ಕೆಮ್ಮಣ್ಣನ್ನು ನುಣ್ಣಗೆ ಜರಡಿ ಹಿಡಿದು ಅಡುಗೆ ಎಣ್ಣೆಯಲ್ಲಿ ದೋಸೆಹಿಟ್ಟಿನ ಹದಕ್ಕೆ ಕಲಸಿ. ಟಗರಿನ ಮುಂಗಾಲುಗಳ ನಡುವೆ, ಎದೆಯ ಮೇಲೆ ಅಂಗೈಯಗಲ ಹಚ್ಚಿ. ಟಗರು ಹತ್ತಿದ ಕುರಿಯ ಹಿಂಭಾಗದ ಮೇಲೆ ಗುರುತು ಬೀಳುತ್ತದೆ. ಮೂರು ದಿನಕ್ಕೊಮ್ಮೆ ಮತ್ತೆ ಹಚ್ಚಬೇಕು. ಮಳೆ ಜೋರಾಗಿದ್ದರೆ ಎರಡು ದಿನಕ್ಕೊಮ್ಮೆ. ಕುರಿಯ ಬೆದೆಯ ಚಕ್ರ 17 ದಿನ. ಆದ್ದರಿಂದ 17 ದಿನಕ್ಕೊಮ್ಮೆ ಬಣ್ಣ ಬದಲಿಸಿ. ಕೆಂಪಾದ ಮೇಲೆ ನೀಲಿ, ಹೀಗೆ ತಿಳಿಬಣ್ಣದಿಂದ ಗಾಢಬಣ್ಣಕ್ಕೆ. ಕಿವಿಯ ಸಂಖ್ಯೆಯ ಮುಂದೆ ದಿನಾಂಕ ಬರೆದಿಡಿ. ಗುರುತೇ ಬೀಳದ ಕುರಿ ಬೆದೆಗೆ ಬಂದಿಲ್ಲ. ಸರಿಯಾಗಿ 16 ಅಥವಾ 17 ದಿನಕ್ಕೆ ಎರಡನೇ ಗುರುತು ಬಿದ್ದರೆ ಕಟ್ಟಿಲ್ಲ. ಅಂತಹವು ಬಹಳವಿದ್ದರೆ ಟಗರನ್ನೇ ಪರೀಕ್ಷಿಸಬೇಕು. ಇಪ್ಪತ್ತೈದು, ಮೂವತ್ತು ದಿನ ಹೀಗೆ ಚಕ್ರಕ್ಕೆ ಹೊಂದದ ದಿನದಲ್ಲಿ ಮರಳಿ ಬಂದರೆ ಭ್ರೂಣ ನಿಂತು ಸತ್ತಿದೆ ಎಂದು ಸಂಶಯಪಡಬೇಕು.

ಖನಿಜಗಳ ಪಾತ್ರ ಅರ್ಥವಾಗುವುದು ಇದಾದ ಮೇಲೆ. ಗಬ್ಬದ ವಿಷಯದಲ್ಲಿ ಸೆಲೆನಿಯಂ ಕೊರತೆಯ ಮುಖ್ಯ ಲಕ್ಷಣ ಮೂರನೆಯ ಬಗೆಯದು. ನ್ಯೂಜಿಲೆಂಡಿನಲ್ಲಿ 1960ರ ದಶಕದ ಆರಂಭದಲ್ಲಿ ಕುರಿಗಳು ಗುಂಪುಗುಂಪಾಗಿ ಗೊಡ್ಡು ಬೀಳುತ್ತಿದ್ದ ಪ್ರದೇಶಗಳಲ್ಲಿ, ಗರ್ಭ ನಿಂತ ಮೂರ್ನಾಲ್ಕು ವಾರಕ್ಕೆ ಭ್ರೂಣ ಸಾಯುತ್ತಿದೆಯೆಂದೂ, ಟಗರು ಬಿಡುವ ಮೊದಲು ಸೆಲೆನಿಯಂ ಕೊಟ್ಟರೆ ಅದು ತಪ್ಪುತ್ತದೆಂದೂ ಕಂಡುಕೊಂಡರು. ಸತು ಹೆಚ್ಚಾಗಿ ಟಗರಿನ ವಿಷಯ. ವೀರ್ಯಾಣು ರೂಪುಗೊಂಡು ಹೊರಬರಲು ಸುಮಾರು ಎರಡು ತಿಂಗಳು ಹಿಡಿಯುವುದರಿಂದ, ಟಗರಿಗೆ ಸತು ಕೊಡುವುದಿದ್ದರೆ ಬಿಡುವ ಎರಡು ತಿಂಗಳ ಮೊದಲೇ ಶುರುಮಾಡಬೇಕು. ಬಿಡುವ ವಾರ ಕೊಟ್ಟರೆ ಮುಂದಿನ ಹಂಗಾಮಿಗೆ ಕೊಟ್ಟಂತೆ. ಕೋಬಾಲ್ಟ್ ಇಲ್ಲದಿದ್ದರೆ ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳು ಬಿ12 ಜೀವಸತ್ವ ತಯಾರಿಸಲಾರವು. ಹುಟ್ಟಿದ ಮರಿ ಎದ್ದು ಮೊಲೆ ಹುಡುಕುವುದು ತಡವಾಗುತ್ತದೆ. ಅಯೋಡಿನ್ ಕೊರತೆಯಲ್ಲಿಯೂ ಮರಿ ಸತ್ತು ಅಥವಾ ನಿತ್ರಾಣವಾಗಿ ಹುಟ್ಟುತ್ತದೆ, ಗಂಟಲಿನಲ್ಲಿ ಗಂಟು ಕೈಗೆ ಸಿಗುತ್ತದೆ. ಸತ್ತ ನಾಲ್ಕು ಮರಿಗಳ ಗಂಟಲು ಮುಟ್ಟಿ ನೋಡಿದ್ದಿರಾ? ಮ್ಯಾಂಗನೀಸಿನ ಚಿಂತೆ ನಮ್ಮ ಹುಳಿಮಣ್ಣಿನಲ್ಲಿ ಬೇಡ.

ಇನ್ನೊಂದು ಪ್ರಶ್ನೆ. ಜಂತುಹುಳುವಿನ ಔಷಧಿ ಯಾವುದು ಕೊಡುತ್ತೀರಿ, ಯಾವಾಗ ಕೊಡುತ್ತೀರಿ?

ಸುಂಟಿಕೊಪ್ಪದ ಕಾಫಿ ಬೆಳೆಗಾರ

ವೈದ್ಯರು ತಾಮ್ರದ ಬಗ್ಗೆ ಬರೆದದ್ದನ್ನು ಓದಿ ಸುಮ್ಮನಿರಲಾಗಲಿಲ್ಲ. ನಾನು ಕಳೆ ತೆಗೆಸುವ ಕೂಲಿ ಉಳಿಯುತ್ತದೆಂದು ತೋಟದೊಳಗೆ 18 ಕುರಿಗಳನ್ನು ಬಿಟ್ಟಿದ್ದೆ. ಕಾಫಿ ಎಲೆಯನ್ನು ಅವು ಅಷ್ಟಾಗಿ ಮುಟ್ಟುವುದಿಲ್ಲ, ಹುಲ್ಲನ್ನು ನುಣ್ಣಗೆ ಮೇಯುತ್ತವೆ. ಎರಡು ವರ್ಷ ಎಲ್ಲವೂ ಚೆನ್ನಾಗಿತ್ತು. ಮೂರನೆಯ ವರ್ಷ ಮಳೆಗಾಲ ಮುಗಿದ ಮೇಲೆ ಕುರಿಗಳನ್ನು ಲಾರಿಯಲ್ಲಿ ಇನ್ನೊಂದು ತೋಟಕ್ಕೆ ಸಾಗಿಸಿದೆವು. ಮರುದಿನ ಬೆಳಿಗ್ಗೆ ಎರಡು ಕುರಿಗಳು ಗುಂಪಿನಿಂದ ದೂರ ತಲೆ ತಗ್ಗಿಸಿ ನಿಂತಿದ್ದವು. ಒಂದರ ಕಣ್ಣಿನ ರೆಪ್ಪೆ ಮೇಲೆತ್ತಿ ನೋಡಿದಾಗ ಒಳಗಿನ ಪೊರೆ ಅರಿಸಿನ ಹಚ್ಚಿದಂತೆ ಹಳದಿಯಾಗಿತ್ತು. ಅದು ಮೂತ್ರ ಮಾಡಿದಾಗ ಸಿಮೆಂಟ್ ನೆಲದ ಮೇಲೆ ಹರಿದದ್ದು ಕಾಫಿ ಡಿಕಾಕ್ಷನ್ನಿನ ಬಣ್ಣದ ನೀರು. ಸಂಜೆಯೊಳಗೆ ಎರಡೂ ಸತ್ತವು, ಆ ವಾರದಲ್ಲಿ ಇನ್ನೂ ಮೂರು. ಮರಣೋತ್ತರ ಪರೀಕ್ಷೆಯಲ್ಲಿ ಮೂತ್ರಪಿಂಡ ಕಪ್ಪು ನೀಲಿಗೆ ತಿರುಗಿತ್ತು.

ನಾನು ಕಾಳುಮೆಣಸಿಗೆ ಶೇ. 1ರ ಬೋರ್ಡೋ ದ್ರಾವಣವನ್ನು (ಮೈಲುತುತ್ತ, ಸುಣ್ಣ ಕಲಸಿದ ಶಿಲೀಂಧ್ರನಾಶಕ) ಮಳೆಗೆ ಮೊದಲೊಮ್ಮೆ, ಮಳೆಯ ನಡುವಿನ ಬಿಡುವಿನಲ್ಲೊಮ್ಮೆ ಹೊಡೆಸುತ್ತಿದ್ದೆ. ಕಾಫಿಗೆ ತುಕ್ಕುರೋಗಕ್ಕೆಂದು ಬೇರೆ. ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತ ಎಂದರೆ ಸುಮಾರು 250 ಗ್ರಾಂ ಶುದ್ಧ ತಾಮ್ರ. ಬಳ್ಳಿಯಿಂದ ತೊಟ್ಟಿಕ್ಕಿದ್ದೆಲ್ಲ ಕೆಳಗಿನ ಹುಲ್ಲಿನ ಮೇಲೆಯೇ ಬೀಳುತ್ತದೆ. ನಮ್ಮ ಅಜ್ಜನ ಕಾಲದಿಂದ ಅದೇ ಮಣ್ಣಿಗೆ ಅದೇ ತಾಮ್ರ ಬೀಳುತ್ತ ಬಂದಿದೆ. ಸಿಂಪಡಿಸಿದ ಎರಡು ದಿನ ಮಾತ್ರ ಕುರಿಗಳನ್ನು ಕಟ್ಟಿ ಹಾಕಿ ಮೂರನೆಯ ದಿನ ಬಿಡುತ್ತಿದ್ದೆ. ಅಷ್ಟು ಸಾಕೆಂದು ನಂಬಿದ್ದು ನನ್ನ ತಪ್ಪು. ಆ ಐದು ಕುರಿಗಳಲ್ಲಿ ಮೂರು ಗಬ್ಬದಲ್ಲಿದ್ದವು.

ಶನಿವಾರಸಂತೆಯವರು ಪಕ್ಕದ ತೋಟದ ಅಂಚಿನಲ್ಲಿ ಮೇಯಿಸುತ್ತೇನೆ ಎಂದಿದ್ದಾರೆ. ಆ ತೋಟದಲ್ಲಿ ಏನು ಹೊಡೆಯುತ್ತಾರೆ, ಯಾವ ದಿನ ಹೊಡೆಯುತ್ತಾರೆ ಎಂದು ದಯವಿಟ್ಟು ಹೋಗಿ ಕೇಳಿ.

ನಿವೃತ್ತ ಪಶುವೈದ್ಯ, ಸೋಮವಾರಪೇಟೆ

ಬೆಳೆಗಾರರ ಅನುಭವಕ್ಕೆ ಒಂದು ಮಾತು ಸೇರಿಸುತ್ತೇನೆ. ಶೇಖರವಾದ ತಾಮ್ರ ತಿಂಗಳುಗಟ್ಟಲೆ ಸದ್ದಿಲ್ಲದೆ ಯಕೃತ್ತಿನಲ್ಲಿ ಕುಳಿತಿರುತ್ತದೆ. ಸಾಗಾಟ, ಹಸಿವು, ಈಯುವ ಹೊತ್ತಿನ ಆಯಾಸ ಇವುಗಳಲ್ಲಿ ಯಾವುದಾದರೊಂದು ಒತ್ತಡ ಬಂದಾಗ ಅದು ಒಮ್ಮೆಗೇ ರಕ್ತಕ್ಕೆ ನುಗ್ಗಿ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಅಲ್ಲಿಯವರೆಗೆ ರಕ್ತಪರೀಕ್ಷೆಯಲ್ಲಿ ತಾಮ್ರದ ಪ್ರಮಾಣ ಸರಿಯಾಗಿಯೇ ಕಾಣಬಹುದು. ಆದ್ದರಿಂದ ರಕ್ತದಲ್ಲಿ ತಾಮ್ರ ಸರಿಯಿದೆ ಎಂಬ ವರದಿ ಬಂದರೆ ನಿಶ್ಚಿಂತರಾಗಬೇಡಿ. ಯಕೃತ್ತಿನ ಕಿಣ್ವಗಳನ್ನೂ ಅದೇ ರಕ್ತದಲ್ಲಿ ಪರೀಕ್ಷಿಸಲು ಹೇಳಿ, ಅವು ಮೊದಲೇ ಏರಿರುತ್ತವೆ. ಹಿಂಡಿನಲ್ಲಿ ಯಾವುದಾದರೂ ಕುರಿ ಸತ್ತರೆ ಅಥವಾ ಮಾಂಸಕ್ಕೆ ಕಡಿದರೆ ಯಕೃತ್ತಿನ ತುಂಡನ್ನೇ ಪ್ರಯೋಗಾಲಯಕ್ಕೆ ಕಳುಹಿಸಿ, ಅದಕ್ಕಿಂತ ನಂಬಿಕೆಯ ಸಾಕ್ಷಿ ಇಲ್ಲ.

ಸಿಂಪಡಣೆಯ ನಂತರ ಎರಡು ದಿನ ಸಾಲದು. ಒಳ್ಳೆಯ ಮಳೆ ಬಿದ್ದು ತೊಳೆದು, ಹೊಸ ಹುಲ್ಲು ಬರುವವರೆಗೆ ಕುರಿ ಆ ನೆಲಕ್ಕೆ ಹೋಗಬಾರದು. ವರ್ಷಾನುವರ್ಷ ಬೋರ್ಡೋ ಕಂಡ ತೋಟವಾದರೆ ಕುರಿ ಬಿಡದಿರುವುದೇ ಲೇಸು. ಕುರಿ ಬುಡಮಟ್ಟ ಮೇಯುವ ಪ್ರಾಣಿ. ಕಕ್ಕಡದ (ಜುಲೈ, ಆಗಸ್ಟಿನ ಜೋರು ಮಳೆಯ ತಿಂಗಳು) ಕೆಸರಿನಲ್ಲಿ ಹುಲ್ಲಿನ ಜೊತೆಗೆ ಸಾಕಷ್ಟು ಮಣ್ಣನ್ನೂ ತಿನ್ನುತ್ತದೆ.

ಗೊರಸು ಕೊಳೆಯುವುದಕ್ಕೆ ಮೈಲುತುತ್ತದ ನೀರಿನಲ್ಲಿ ನಿಲ್ಲಿಸುವ ರೂಢಿ ನಮ್ಮಲ್ಲಿದೆ, ಕುರಿಗಳು ಆ ನೀರನ್ನು ಕುಡಿಯುವುದನ್ನೂ ಕಾಲು ನೆಕ್ಕುವುದನ್ನೂ ನೋಡಿದ್ದೇನೆ. ಅದರ ಬದಲು ಶೇ. 10ರ ಸತುವಿನ ಸಲ್ಫೇಟ್ ದ್ರಾವಣ ಬಳಸಿ.

ಹೆಬ್ಬಾಲೆ ಕಡೆಯ ಕುರಿಗಾರ ಮನೆತನದವನು

ಹಿರಿಯರ ಮಾತಿಗೆ ಎದುರಾಡುತ್ತಿಲ್ಲ, ಆದರೆ ಕೇಳಲೇಬೇಕಾದ ಪ್ರಶ್ನೆಯೊಂದಿದೆ. ನಮ್ಮ ಅಪ್ಪ, ತಾತ ಯಾರೂ ಸೆಲೆನಿಯಂ ಎಂಬ ಹೆಸರನ್ನೇ ಕೇಳಿದವರಲ್ಲ. ಅಮಾವಾಸ್ಯೆ, ಹುಣ್ಣಿಮೆಗೆ ಉಪ್ಪು ನೆಕ್ಕಿಸುವುದೊಂದನ್ನು ಬಿಟ್ಟರೆ ಬೇರೇನನ್ನೂ ಕೊಟ್ಟವರಲ್ಲ. ನೂರು ಕುರಿಯಲ್ಲಿ ಐದಾರು ಗೊಡ್ಡು ಉಳಿದರೆ ಅದೇ ದೊಡ್ಡದು. ಈಗ ಹತ್ತು ಕುರಿ ಸಾಕುವವರೂ ಚೀಲ, ಬಾಟಲಿ, ಸೂಜಿ ಎನ್ನುತ್ತಾರೆ. ಮೇವು ಸರಿಯಿದ್ದರೆ ಕುರಿ ತಾನಾಗಿ ಈಯುತ್ತದೆ ಎಂಬುದು ನನ್ನ ನಂಬಿಕೆ. ಟಗರು ಬಿಡುವ ಹದಿನೈದು ಇಪ್ಪತ್ತು ದಿನ ಮೊದಲು ಒಂದೊಂದು ಹಿಡಿ ರಾಗಿಯನ್ನೋ ಜೋಳವನ್ನೋ ನೆನೆಸಿ ಹಾಕಿದರೆ ಅವಳಿ ಮರಿಗಳೂ ಬೀಳುತ್ತವೆ, ಅದನ್ನು ನಾವು ಇವತ್ತಿಗೂ ಮಾಡುತ್ತೇವೆ.

ನಿವೃತ್ತ ಪಶುವೈದ್ಯ, ಸೋಮವಾರಪೇಟೆ

ನಿಮ್ಮ ಪ್ರಶ್ನೆ ಸರಿಯಾಗಿದೆ, ಅದರೊಳಗೆ ಉತ್ತರವೂ ಇದೆ. ನಿಮ್ಮ ತಾತನ ಹಿಂಡು ಒಂದೇ ಮಣ್ಣಿನ ಮೇಲೆ ನಿಲ್ಲುತ್ತಿರಲಿಲ್ಲ. ಪಿರಿಯಾಪಟ್ಟಣದ ಕೆಂಪು ಹೊಲ, ಹಾರಂಗಿ ಬಯಲು, ಅರಕಲಗೂಡಿನ ಕಡೆಯ ಕೂಳೆ ಎಂದು ತಿರುಗುತ್ತಿತ್ತು. ಒಂದು ಮಣ್ಣಿನಲ್ಲಿಲ್ಲದ್ದು ಇನ್ನೊಂದರಲ್ಲಿ ಸಿಗುತ್ತಿತ್ತು. ಎರಡು ಎಕರೆಯ ಬೇಲಿಯೊಳಗೆ ಕಟ್ಟಿಹಾಕಿದ ಹಿಂಡಿಗೆ ಆ ಒಂದೇ ಮಣ್ಣಿನ ಕೊರತೆ ವರ್ಷಪೂರ್ತಿ ಅಂಟಿಕೊಳ್ಳುತ್ತದೆ. ಕುಶಾಲನಗರದ ಮಳೆಗೂ ಭಾಗಮಂಡಲದ ಮಳೆಗೂ ಅಜಗಜಾಂತರವಿದೆ ಎಂಬುದು ನಿಮಗೆ ಗೊತ್ತೇ ಇದೆ. ಮಳೆ ಹೆಚ್ಚಿದ್ದಲ್ಲಿ ಅಯೋಡಿನ್ ತೊಳೆದುಹೋಗುತ್ತದೆ. ಕಬ್ಬಿಣ ತುಂಬಿದ ಹುಳಿಮಣ್ಣಿನಲ್ಲಿ ಸೆಲೆನಿಯಂ ಇದ್ದರೂ ಕಬ್ಬಿಣಕ್ಕೆ ಅಂಟಿಕೊಂಡು ಹುಲ್ಲಿಗೆ ಸಿಗುವುದಿಲ್ಲ. ಮಾಲಿಬ್ಡಿನಂ ಕೂಡ ಹುಳಿಮಣ್ಣಿನಲ್ಲಿ ಗಿಡಕ್ಕೆ ಸುಲಭವಾಗಿ ಒದಗದು. ಅದು ಕಡಿಮೆಯಾದಾಗ ತಾಮ್ರವನ್ನು ತಡೆಯುವವರಿಲ್ಲದೆ ಕುರಿಯ ಮೈಗೆ ಹೆಚ್ಚು ಸೇರುತ್ತದೆ. ಸುಣ್ಣ ಹಾಕಿದ ತೋಟದಲ್ಲಿ ಇದು ತಿರುಗುಮುರುಗಾಗಬಹುದು. ಒಂದೇ ಊರಿನ ಬಾಣೆಗೂ ತೋಟಕ್ಕೂ ಗದ್ದೆಗೂ ಒಂದೇ ಸಲಹೆ ಹೊಂದದಿರುವುದು ಇದರಿಂದಲೇ.

ರಾಗಿ, ಜೋಳ ಹಾಕುವ ನಿಮ್ಮ ಪದ್ಧತಿಯನ್ನು ಖಂಡಿತ ಬಿಡಬೇಡಿ. ಶಕ್ತಿಯ ಮೇವು ಸಾಲದ ಕುರಿಗೆ ಯಾವ ಖನಿಜವೂ ಅಂಡ ಹುಟ್ಟಿಸಿಕೊಡಲಾರದು.

ಪೊನ್ನಂಪೇಟೆಯ ಗೃಹಿಣಿ

ನಮ್ಮಲ್ಲಿ ಆರು ಕುರಿ, ಒಂಬತ್ತು ಆಡು ಒಂದೇ ಕೊಟ್ಟಿಗೆಯಲ್ಲಿವೆ. ಆಡಿನ ಮಿಶ್ರಣವನ್ನೇ ಎರಡಕ್ಕೂ ಹಾಕುತ್ತಿದ್ದೆವು. ಮರಗೆಣಸಿನ ಸಿಪ್ಪೆಯನ್ನೂ ಸೊಪ್ಪನ್ನೂ ಒಣಗಿಸಿ ಕೊಡುತ್ತೇವೆ. ಎರಡು ವರ್ಷಗಳ ಹಿಂದೆ ಒಂದು ಕುರಿಮರಿ ಗಂಟಲು ಊದಿಕೊಂಡು, ಮೈಮೇಲೆ ಕೂದಲೇ ಇಲ್ಲದಂತೆ ಹುಟ್ಟಿತ್ತು. ಕಾರಣ ಇದೇ ಇರಬಹುದೇ?

ನಿವೃತ್ತ ಪಶುವೈದ್ಯ, ಸೋಮವಾರಪೇಟೆ

ನೀವು ಹೇಳುವ ಚಿಹ್ನೆಗಳು ಅಯೋಡಿನ್ ಕೊರತೆಯವು. ಮರಗೆಣಸಿನಲ್ಲಿರುವ ಸಯನೈಡ್ ಅಂಶವನ್ನು ದೇಹ ಥಯೋಸಯನೇಟ್ ಆಗಿ ಪರಿವರ್ತಿಸುತ್ತದೆ, ಅದು ಥೈರಾಯ್ಡ್ ಗ್ರಂಥಿಗೆ ಅಯೋಡಿನ್ ಸೇರದಂತೆ ತಡೆಯುತ್ತದೆ. ಸುಬಾಬುಲ್ ಸೊಪ್ಪಿಗೂ ಕೋಸಿನ ಎಲೆಗೂ ಇಂಥದೇ ಗುಣವಿದೆ. ಗಬ್ಬದ ಕೊನೆಯ ಎರಡು ತಿಂಗಳು ಇವುಗಳನ್ನು ಕಡಿಮೆ ಮಾಡಿ, ಕಲ್ಲುಪ್ಪಿನ ಬದಲು ಅಯೋಡಿನ್ ಸೇರಿಸಿದ ಉಪ್ಪನ್ನು ಮಳೆ ತಾಗದಂತೆ ಮಾಡಿನ ಕೆಳಗಿಡಿ. ಆಡಿಗೆ ಕುರಿಗಿಂತ ಹೆಚ್ಚು ತಾಮ್ರ ಬೇಕು, ತಡೆಯುವ ಶಕ್ತಿಯೂ ಹೆಚ್ಚು. ಮಿಶ್ರಣವನ್ನು ಬೇರೆ ಬೇರೆ ಬೋಗುಣಿಯಲ್ಲಿ ಕೊಡುವುದೊಂದೇ ದಾರಿ.

ಶನಿವಾರಸಂತೆಯ ಸಾಕಣೆದಾರ (ಆಗಸ್ಟ್ ಮೊದಲ ವಾರ)

ತಡವಾಗಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ಮಿಶ್ರಣವನ್ನು ಅಂದೇ ನಿಲ್ಲಿಸಿದೆ. ಚೀಟಿಯಲ್ಲಿ ತಾಮ್ರ ಶೇ. 0.1 ಎಂದೇ ಇತ್ತು. ತೋಟದ ಅಂಚಿಗೆ ಹೋಗುವುದನ್ನೂ ಬಿಡಿಸಿದೆ. ಸತ್ತ ಮರಿಗಳ ಗಂಟಲು ನಾನು ಮುಟ್ಟಿ ನೋಡಿರಲಿಲ್ಲ.

ಜೂನ್ 14ರಂದು ಟಗರುಗಳನ್ನು ಬಿಟ್ಟೆ. ಕೆಮ್ಮಣ್ಣು ಹಚ್ಚುವ ಕೆಲಸ ನನ್ನ ಮಗಳದ್ದಾಯಿತು. ಟಗರಿನ ಮುಂಗಾಲು ಎತ್ತಿ ನಾನು ಹಿಡಿದುಕೊಳ್ಳುವುದು, ಅವಳು ಅಂಗೈಯಿಂದ ಎದೆಗೆ ಬಳಿಯುವುದು. ಮೊದಲ 17 ದಿನದಲ್ಲಿ 42ರಲ್ಲಿ 38 ಕುರಿಗಳ ಮೇಲೆ ಕೆಂಪು ಬಿತ್ತು. ಅಂದರೆ ಬೆದೆಗೆ ತೊಂದರೆಯಿಲ್ಲ. ಎರಡನೆಯ ಸುತ್ತಿನಲ್ಲಿ, 16ರಿಂದ 18 ದಿನದೊಳಗೆ ಮರಳಿದವು ಐದು. ಆದರೆ ಇನ್ನೂ ಒಂಬತ್ತು ಕುರಿಗಳು 24ನೇ ದಿನದಿಂದ 33ನೇ ದಿನದೊಳಗೆ ಒಂದೊಂದಾಗಿ ಮರಳಿದವು. ಮೂರನೆಯ ಬಗೆ ಎಂದು ನೀವು ಬರೆದದ್ದು ಆ ಒಂಬತ್ತರಲ್ಲಿ ಕಂಡಿತು.

ಆ ಒಂಬತ್ತರಲ್ಲಿ ಆರರ ರಕ್ತವನ್ನೂ ಹನ್ನೆರಡು ಕುರಿಗಳ ಹಿಕ್ಕೆಯನ್ನೂ ಪರೀಕ್ಷೆಗೆ ಕಳುಹಿಸಿದೆವು. ಸೆಲೆನಿಯಂ ಆರರಲ್ಲಿಯೂ ಕಡಿಮೆಯಿದೆ. ತಾಮ್ರ ಸಾಮಾನ್ಯ ಮಟ್ಟದಲ್ಲಿದೆ, ಆದರೆ ಎರಡು ಕುರಿಗಳಲ್ಲಿ ಯಕೃತ್ತಿನ ಕಿಣ್ವ ಏರಿದೆ. ಹಿಕ್ಕೆಯಲ್ಲಿ ಏಳು ಕುರಿಗಳಿಗೆ ಯಕೃತ್ತಿನ ಚಪ್ಪಟೆ ಹುಳುವಿನ ಮೊಟ್ಟೆ ಸಿಕ್ಕಿದೆ.

ಜಂತುಹುಳುವಿನ ಔಷಧಿಯ ಬಗ್ಗೆ ಕೇಳಿದ್ದಿರಿ. ಕಳೆದ ವರ್ಷ ಅಲ್ಬೆಂಡಜೋಲ್ ಕುಡಿಸಿದ್ದೆ. ಪುಸ್ತಕ ತೆಗೆದು ನೋಡಿದರೆ, ಅದು ಟಗರು ಬಿಟ್ಟ ಮೂರನೆಯ ವಾರ. ಈ ವರ್ಷ ಏನನ್ನೂ ಕುಡಿಸಿಲ್ಲ.

ನಿವೃತ್ತ ಪಶುವೈದ್ಯ, ಸೋಮವಾರಪೇಟೆ

ಆ ಕೊನೆಯ ಸಾಲು ಬಹಳ ಮುಖ್ಯ. ಅಲ್ಬೆಂಡಜೋಲನ್ನು ಗರ್ಭ ನಿಲ್ಲುವ ಹೊತ್ತಿನಲ್ಲಿ ಮತ್ತು ಗಬ್ಬದ ಮೊದಲ ತಿಂಗಳಲ್ಲಿ ಕೊಡಬಾರದು; ಅದು ಭ್ರೂಣಕ್ಕೆ ಹಾನಿ ಮಾಡುತ್ತದೆ. ಕಳೆದ ವರ್ಷದ 15 ಗೊಡ್ಡು ಕುರಿಗಳಲ್ಲಿ ಒಂದು ಪಾಲು ಅದರ ಲೆಕ್ಕಕ್ಕೂ ಹೋಗಬಹುದು. ಈ ವರ್ಷ ಔಷಧಿಯಿಲ್ಲದೆಯೂ ಒಂಬತ್ತು ಮರಳಿರುವುದರಿಂದ ಸೆಲೆನಿಯಂ ಕೊರತೆ ಮತ್ತು ಚಪ್ಪಟೆ ಹುಳು, ಎರಡನ್ನೂ ಕಾರಣವೆಂದು ಸಂಶಯಪಡಬೇಕಾಗುತ್ತದೆ. ಗದ್ದೆಯ ಬಸವನಹುಳುವಿನಿಂದ ಬರುವ ಈ ರೋಗ ಯಕೃತ್ತನ್ನು ಕೊರೆಯುತ್ತದೆ. ಖನಿಜಗಳನ್ನು ಶೇಖರಿಸಿಡುವ ಉಗ್ರಾಣವೇ ಕೆಟ್ಟಾಗ ಚೀಲ ಚೀಲ ಸುರಿದರೂ ಪ್ರಯೋಜನವಿಲ್ಲ. ಕಿಣ್ವ ಏರಿರುವುದು ಹುಳುವಿನಿಂದಲೋ ತಾಮ್ರದಿಂದಲೋ ಎಂದು ಈ ವರದಿಯಿಂದ ಬೇರ್ಪಡಿಸಲಾಗದು. ಆದ್ದರಿಂದ ತಾಮ್ರವಿರುವ ಯಾವುದನ್ನೂ ಸದ್ಯಕ್ಕೆ ಮುಟ್ಟಬೇಡಿ.

ಮರಳಿದ ಕುರಿಗಳನ್ನು ಬೇರೆ ಮಾಡಿ, ಟಗರಿನಿಂದ ದೂರವಿಡಿ. ಗಬ್ಬದ ಕುರಿಗೂ ಸುರಕ್ಷಿತವಾದ ಚಪ್ಪಟೆ ಹುಳುವಿನ ಔಷಧಿಯನ್ನು ನಿಮ್ಮ ವೈದ್ಯರೇ ಆರಿಸಲಿ. ಸೆಲೆನಿಯಂ ಮತ್ತು ಇ ಜೀವಸತ್ವದ ಚುಚ್ಚುಮದ್ದನ್ನು ಮುಂದಿನ ಬಾರಿ ಟಗರು ಬಿಡುವ ಮೂರ್ನಾಲ್ಕು ವಾರ ಮೊದಲು, ತಕ್ಕಡಿಯಲ್ಲಿ ತೂಗಿದ ತೂಕಕ್ಕೆ ಸರಿಯಾಗಿ ಅವರ ಕೈಯಿಂದಲೇ ಕೊಡಿಸಿ, ಕಣ್ಣಂದಾಜು ಬೇಡ. ಕೊರತೆ ನೀಗುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ನಡುವೆ ಅಂತರ ಕಡಿಮೆ. ಚುಚ್ಚುಮದ್ದು ಕೊಟ್ಟ ಮೇಲೆ ಸೆಲೆನಿಯಂ ಇರುವ ನೆಕ್ಕುವ ಇಟ್ಟಿಗೆಯನ್ನು ಜೊತೆಗೆ ಇಡಬಾರದು. ಗಬ್ಬ ನಿಂತ ಮೊದಲ ತಿಂಗಳು ಹಿಂಡನ್ನು ಅಟ್ಟಾಡಿಸುವುದು, ನಾಯಿ ಬೆನ್ನಟ್ಟುವುದು, ದೂರ ಸಾಗಿಸುವುದು ಯಾವುದೂ ಆಗಕೂಡದು.

ಹೆಬ್ಬಾಲೆ ಕಡೆಯ ಕುರಿಗಾರ ಮನೆತನದವನು

ಗದ್ದೆಯಲ್ಲಿ ಮೇಯಿಸಲೇಬೇಕೆಂದಿದ್ದರೆ ಇಬ್ಬನಿ ಆರಿದ ಮೇಲೆ ಬಿಡಿ, ನೀರು ನಿಂತ ತಗ್ಗಿಗೆ ಬಿಡಬೇಡಿ. ಇದು ನಮ್ಮ ಅಪ್ಪನ ಮಾತು. ಕೆಮ್ಮಣ್ಣು ಹಚ್ಚುವುದನ್ನು ನಾವೂ ಈ ಬಾರಿ ಮಾಡುತ್ತೇವೆ. ನೂರಕ್ಕೆ ಐದಾರು ಎಂದು ಬರೆದಿದ್ದೆನಲ್ಲ, ಅದು ತಿರುಗುವ ಹಿಂಡಿನ ಕಾಲದ ಲೆಕ್ಕ. ನಾವು ಒಂದೇ ಕಡೆ ನಿಂತು ಮೂರು ವರ್ಷವಾಯಿತು. ಈಚಿನ ಲೆಕ್ಕವನ್ನು ನಾನು ಬರೆದಿಟ್ಟಿಲ್ಲ.

ಶನಿವಾರಸಂತೆಯ ಸಾಕಣೆದಾರ (ನವೆಂಬರ್ ಮೂರನೆಯ ವಾರ)

ಜೂನಿನಲ್ಲಿ ಗುರುತು ಬಿದ್ದು ಮರಳದಿದ್ದ 24 ಕುರಿಗಳಲ್ಲಿ ಇಲ್ಲಿಯವರೆಗೆ 19 ಈದಿವೆ, ಮೊದಲನೆಯದು ನವೆಂಬರ್ 9ರ ಬೆಳಗಿನ ಜಾವ. ಮೂರು ಅವಳಿ. ಒಂದು ಮರಿ ಸತ್ತಿತು. ಈ ಬಾರಿ ಗಂಟಲು ಮುಟ್ಟಿ ನೋಡಿದೆ, ಗಂಟಿರಲಿಲ್ಲ.

ಮರಳಿದ ಹದಿನಾಲ್ಕು ಮತ್ತು ಗುರುತೇ ಬೀಳದ ನಾಲ್ಕು, ಹೀಗೆ 18 ಕುರಿಗಳಿಗೆ ಆಗಸ್ಟಿನಲ್ಲಿ ಹುಳುವಿನ ಔಷಧಿಯೂ ಸೆಲೆನಿಯಂ ಚುಚ್ಚುಮದ್ದೂ ಆಯಿತು. ಸೆಪ್ಟೆಂಬರ್ 12ರಂದು ಟಗರು ಬಿಟ್ಟೆ. ಹದಿನೇಳಕ್ಕೆ ಗುರುತು ಬಿತ್ತು. ಎರಡು 17ನೇ ದಿನಕ್ಕೆ ಮರಳಿದವು. ಈಗ ಅರವತ್ತು ದಿನ ದಾಟಿದೆ. ಚಕ್ರ ತಪ್ಪಿ ಮರಳಿದ್ದು ಒಂದೇ ಒಂದು. ಅವು ಈಯುವುದು ಫೆಬ್ರವರಿಯಲ್ಲಿ. ಔಷಧಿಯ ಫಲವೋ, ಸೆಲೆನಿಯಂ ಫಲವೋ, ಚೀಲದ ಮಿಶ್ರಣ ನಿಂತದ್ದರ ಫಲವೋ ಎಂದು ಹೇಳುವ ಸ್ಥಿತಿಯಲ್ಲಿ ನಾನಿಲ್ಲ, ಮೂರನ್ನೂ ಒಟ್ಟಿಗೆ ಮಾಡಿದೆ.

ಪಕ್ಕದ ತೋಟದವರೊಂದಿಗೆ ಮಾತಾಡಿದೆ. ಬೋರ್ಡೋ ಹೊಡೆಸುವ ಹಿಂದಿನ ದಿನ ಫೋನ್ ಮಾಡುವುದಾಗಿ ಒಪ್ಪಿದ್ದಾರೆ, ಅಂಚಿನ ಎರಡು ಸಾಲಿನ ಆಚೆ ಬೇಲಿಗೆ ನಾನು ತಂತಿ ಎಳೆಯುತ್ತಿದ್ದೇನೆ.